ನೆಟ್ ಇದೆ, ಪುಟ ಮಾತ್ರ ತೆರೆಯುತ್ತಿಲ್ಲ!

ಅರ್ಜಿ ಸಲ್ಲಿಸಲು ಕೊನೆಯ ದಿನ ಬಂತೆಂದರೆ ಬಸವಕಲ್ಯಾಣ, ಹುಮನಾಬಾದ್‌ನಂಥ ಊರುಗಳ ಸೈಬರ್ ಸೆಂಟರ್‌ಗಳಲ್ಲಿ ಉದ್ಯೋಗಾಕಾಂಕ್ಷಿಗಳ ಸಾಲು ಬೆಳೆಯುತ್ತದೆ. ಮೊಬೈಲ್‌ನಲ್ಲಿ ಸಿಗ್ನಲ್ ಪೂರ್ತಿ ಇದೆ, ಡೇಟಾ ಪ್ಯಾಕ್ ಮುಗಿದಿಲ್ಲ, ಯೂಟ್ಯೂಬ್ ವಿಡಿಯೊ ಸಲೀಸಾಗಿ ಓಡುತ್ತದೆ. ಅರ್ಜಿಯ ಪುಟ ಮಾತ್ರ ಗಿರಗಿರನೆ ಸುತ್ತುತ್ತಲೇ ಇರುತ್ತದೆ. ‘ನಮ್ಮೂರ ನೆಟ್ಟೇ ಸರಿಯಿಲ್ಲ’ ಎಂದು ಬೈದು ಸುಮ್ಮನಾಗುತ್ತೇವೆ. ನೆಟ್ ಸರಿಯಿಲ್ಲದಿದ್ದರೆ ವಿಡಿಯೊ ಹೇಗೆ ಓಡಿತು?

ಇಂಟರ್‌ನೆಟ್ ವೇಗದಲ್ಲಿ ಎರಡು ಸಂಗತಿಗಳಿವೆ. ಒಂದು ಬ್ಯಾಂಡ್‌ವಿಡ್ತ್, ಇನ್ನೊಂದು ಲೇಟೆನ್ಸಿ. ಹುಮನಾಬಾದ್ ಮೂಲಕ ಹೋಗುವ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯನ್ನೇ ನೋಡಿ. ರಸ್ತೆ ಅಗಲವಾದರೆ ಒಮ್ಮೆಗೆ ಹೆಚ್ಚು ಲಾರಿಗಳು ಸಾಗುತ್ತವೆ, ಅದು ಬ್ಯಾಂಡ್‌ವಿಡ್ತ್. ಆದರೆ ರಸ್ತೆ ಎಷ್ಟೇ ಅಗಲವಾದರೂ ಹೈದರಾಬಾದ್ ಹತ್ತಿರ ಬರುವುದಿಲ್ಲ. ಹೋಗಿ ಬರಲು ಹಿಡಿಯುವ ಸಮಯವೇ ಲೇಟೆನ್ಸಿ. ಮೊಬೈಲ್ ಕಂಪನಿಗಳ ಜಾಹೀರಾತಿನಲ್ಲಿ ಕಾಣುವುದು ಹೆಚ್ಚಾಗಿ ಮೊದಲನೆಯದು. ನಮ್ಮನ್ನು ಕಾಯಿಸುವುದು ಬಹಳ ಸಲ ಎರಡನೆಯದು.

ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಅಂದರೆ ಪ್ರತಿ 100 ಕಿ.ಮೀ. ದೂರಕ್ಕೆ ಹೋಗಿ ಬರಲು 1 ಮಿಲಿಸೆಕೆಂಡ್ ಬೇಕು. ಅಮೆರಿಕದ ಪೂರ್ವ ಕರಾವಳಿ ನಮ್ಮಿಂದ ಸುಮಾರು 13 ಸಾವಿರ ಕಿ.ಮೀ. ದೂರ. ಸಮುದ್ರದಡಿಯ ಕೇಬಲ್‌ಗಳು ನೇರವಾಗಿ ಹೋಗುವುದಿಲ್ಲವಾದ್ದರಿಂದ ಒಂದು ಸುತ್ತಿಗೆ 200 ಮಿಲಿಸೆಕೆಂಡ್ ದಾಟುತ್ತದೆ. ಇದು ಕಣ್ಣು ಮಿಟುಕಿಸುವಷ್ಟು ಹೊತ್ತು ಅನಿಸಬಹುದು. ಆದರೆ ಒಂದು ಸುರಕ್ಷಿತ ವೆಬ್ ಪುಟಕ್ಕೆ ಒಂದೇ ಸುತ್ತು ಸಾಲದು. ಸಂಪರ್ಕ ಬೆಳೆಸಲು ಒಂದು, ಗೂಢಲಿಪಿಯ ಕೀಲಿ ಒಪ್ಪಿಕೊಳ್ಳಲು ಇನ್ನೊಂದು, ಪುಟ ಕೇಳಿ ಪಡೆಯಲು ಮತ್ತೊಂದು ಸುತ್ತು ಬೇಕು. ಮೊದಲ ಅಕ್ಷರ ಬರುವ ಹೊತ್ತಿಗೇ ಅರ್ಧ ಸೆಕೆಂಡಿಗೂ ಹೆಚ್ಚು ಕಳೆದಿರುತ್ತದೆ. ಪುಟದೊಳಗಿನ ಚಿತ್ರ, ಫಾಂಟ್, ಸ್ಕ್ರಿಪ್ಟ್‌ಗಳ ಲೆಕ್ಕ ಬೇರೆ.

ಬೆಳಕಿನ ವೇಗ ಹೆಚ್ಚಿಸುವುದು ಯಾರಿಂದಲೂ ಆಗದು. ಹಾಗಾಗಿ ಎಂಜಿನಿಯರ್‌ಗಳು ದೂರವನ್ನೇ ಕಡಿಮೆ ಮಾಡುವ ದಾರಿ ಹುಡುಕಿದರು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಕ್ಕಾಗಿ ಊರಿನ ಪ್ರತಿಯೊಬ್ಬರೂ ಹೈದರಾಬಾದಿಗೆ ಹೋಗಬೇಕೇ? ಬಸವಕಲ್ಯಾಣದ ಅಂಗಡಿಯವರೊಬ್ಬರು ಹತ್ತು ಪ್ರತಿ ತಂದಿಟ್ಟರೆ ಸಾಕು. ಬೇರೆ ಬೇರೆ ನಗರಗಳಲ್ಲಿ ಇಟ್ಟಿರುವ ಪ್ರಾಕ್ಸಿ ಸರ್ವರ್‌ಗಳು ಮಾಡುವುದು ಇದನ್ನೇ. ಮೂಲ ಸರ್ವರ್ ಎಲ್ಲೇ ಇರಲಿ, ಎಲ್ಲರೂ ಕೇಳುವ ಪುಟ, ಚಿತ್ರ, ವಿಡಿಯೊಗಳ ನಕಲನ್ನು ಇಟ್ಟುಕೊಂಡು ಹತ್ತಿರದಿಂದಲೇ ಕೊಡುತ್ತವೆ. ಗೂಗಲ್, ನೆಟ್‌ಫ್ಲಿಕ್ಸ್ ಕಂಪನಿಗಳು ಇಂಥ ಸರ್ವರ್‌ಗಳನ್ನು ಇಂಟರ್‌ನೆಟ್ ಸೇವಾ ಕಂಪನಿಗಳ ಜಾಲದೊಳಗೇ ಇರಿಸುತ್ತವೆ. ಯೂಟ್ಯೂಬ್ ಸಲೀಸಾಗಿ ಓಡುವುದರ ಒಂದು ಗುಟ್ಟು ಇದು.

ಪ್ರತಿಯೊಬ್ಬರಿಗೂ ಬೇರೆಯಾಗಿರುವ ಅರ್ಜಿ, ಹಾಲ್ ಟಿಕೆಟ್‌ಗಳ ನಕಲು ಇಡಲಾಗದು, ನಿಜ. ಅಲ್ಲಿಯೂ ಪ್ರಾಕ್ಸಿ ನೆರವಾಗುತ್ತದೆ. ಹತ್ತಿರದ ಪ್ರಾಕ್ಸಿಗೆ ಒಂದು ಸುತ್ತು 30 ಮಿಲಿಸೆಕೆಂಡ್, ಅಲ್ಲಿಂದ ದೂರದ ಮೂಲ ಸರ್ವರ್‌ಗೆ 200 ಎಂದಿಟ್ಟುಕೊಳ್ಳೋಣ. ನೇರವಾಗಿ ಹೋದರೆ ಮೂರು ಸುತ್ತಿಗೆ ಸುಮಾರು 690 ಬೇಕು. ಪ್ರಾಕ್ಸಿ ಇದ್ದರೆ ಮೂರೂ ಸುತ್ತು ಹತ್ತಿರದಲ್ಲೇ ಮುಗಿದು 90 ಆಗುತ್ತದೆ. ಮೂಲ ಸರ್ವರ್ ಜೊತೆ ಅದು ಮೊದಲೇ ತೆರೆದಿಟ್ಟ ಸಂಪರ್ಕದಲ್ಲಿ ಒಂದೇ ಸುತ್ತು, 200. ಒಟ್ಟು 290. ಅರ್ಧಕ್ಕಿಂತ ಕಡಿಮೆ!

ಈ ಉದ್ಯಮ ಹುಟ್ಟಿದ್ದು ಕಾಲೇಜಿನಲ್ಲಿ. ವೆಬ್ ಜನಕ ಟಿಮ್ ಬರ್ನರ್ಸ್-ಲೀ 1995ರಲ್ಲಿ ಅಮೆರಿಕದ ಎಂಐಟಿಯ ಸಹೋದ್ಯೋಗಿಗಳ ಮುಂದೆ ಅಂತರ್ಜಾಲದ ದಟ್ಟಣೆಯ ಸವಾಲು ಇಟ್ಟರು. ಗಣಿತದ ಪ್ರಾಧ್ಯಾಪಕ ಟಾಮ್ ಲೈಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ ಇತರರೊಂದಿಗೆ ಸೇರಿ, ಯಾವ ನಕಲನ್ನು ಯಾವ ಸರ್ವರ್‌ನಲ್ಲಿ ಇಡಬೇಕೆಂದು ತೀರ್ಮಾನಿಸುವ ‘ಕನ್ಸಿಸ್ಟೆಂಟ್ ಹ್ಯಾಶಿಂಗ್’ ವಿಧಾನ ರೂಪಿಸಿದರು. 1998ರಲ್ಲಿ ಅಕಮೈ ಕಂಪನಿ ಆರಂಭವಾಯಿತು. ಡೇಟಾ ಸ್ಟ್ರಕ್ಚರ್ಸ್ ಪತ್ರಿಕೆಯಲ್ಲಿ ಹ್ಯಾಶಿಂಗ್ ಅಧ್ಯಾಯ ಬಿಟ್ಟು ಓದುವವರು ಇದನ್ನು ನೆನಪಿಡಬೇಕು.

ಭಾರತದಲ್ಲಿ ಒಂದು ಕಾಲಕ್ಕೆ ಎರಡು ದೇಶೀಯ ಕಂಪನಿಗಳ ಗ್ರಾಹಕರ ನಡುವಿನ ಸಂದೇಶವೂ ವಿದೇಶ ಸುತ್ತಿ ಬರುತ್ತಿದ್ದುದುಂಟು. ಅದನ್ನು ತಪ್ಪಿಸಲೆಂದೇ 2003ರಲ್ಲಿ ನಿಕ್ಸಿ ಎಂಬ ಇಂಟರ್‌ನೆಟ್ ವಿನಿಮಯ ಸಂಸ್ಥೆ ಹುಟ್ಟಿತು. ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದ್‌ನಲ್ಲಿ ಕ್ಲೌಡ್ ಕೇಂದ್ರಗಳನ್ನು ತೆರೆಯಿತು. ಹುಮನಾಬಾದ್‌ನಿಂದ ಹೈದರಾಬಾದ್ ರಸ್ತೆಯಲ್ಲಿ ಸುಮಾರು 150 ಕಿ.ಮೀ. ಮಾತ್ರ. ಆದರೆ ನಮ್ಮ ಡೇಟಾ ಬಸ್ಸಿನ ದಾರಿ ಹಿಡಿಯುವುದಿಲ್ಲ. ಅದು ಸೇವಾ ಕಂಪನಿಯ ಕೇಬಲ್ ಹೋದ ಕಡೆಗೆ ಹೋಗುತ್ತದೆ. ಗಡಿ ಜಿಲ್ಲೆಯವರಿಗೆ ಹತ್ತಿರದ ನಗರವೇ ಹತ್ತಿರದ ಸರ್ವರ್ ಆಗಬೇಕೆಂದಿಲ್ಲ.

ಪ್ರಾಕ್ಸಿ ಎಲ್ಲಕ್ಕೂ ಮದ್ದಲ್ಲ. ಟವರ್‌ನಲ್ಲೇ ದಟ್ಟಣೆಯಿದ್ದರೆ ಅದೇನೂ ಮಾಡಲಾರದು. ಕೊನೆಯ ದಿನ ಅರ್ಜಿ ಪುಟ ನಿಲ್ಲಲು ದೂರಕ್ಕಿಂತ ಮೂಲ ಸರ್ವರ್ ಮೇಲಿನ ಹೊರೆಯೂ ಕಾರಣವಿರಬಹುದು. ಆದರೆ ಅಧಿಸೂಚನೆ, ಪಠ್ಯಕ್ರಮ, ಸೂಚನೆಗಳ ಪುಟಗಳು ಎಲ್ಲರಿಗೂ ಒಂದೇ. ನೇಮಕಾತಿ ಜಾಲತಾಣಗಳು ಅವನ್ನು ಪ್ರಾಕ್ಸಿಗಳಿಗೆ ಬಿಟ್ಟುಕೊಟ್ಟರೆ ಮೂಲ ಸರ್ವರ್‌ಗೆ ಅರ್ಜಿ ಸ್ವೀಕರಿಸುವುದೊಂದೇ ಕೆಲಸ ಉಳಿಯುತ್ತದೆ. ಸರ್ವರ್ ಸ್ಪಂದಿಸಲಿಲ್ಲ ಎಂಬ ಕಾರಣಕ್ಕೆ ಅಭ್ಯರ್ಥಿಯ ವರ್ಷ ಹಾಳಾಗಬಾರದು.

ಇನ್ನೊಂದು ಎಚ್ಚರಿಕೆ. ‘ನೆಟ್ ವೇಗ ಹೆಚ್ಚಿಸುತ್ತೇವೆ’ ಎನ್ನುವ ಉಚಿತ ಪ್ರಾಕ್ಸಿ, ವಿಪಿಎನ್ ಆ್ಯಪ್‌ಗಳು ಇವಲ್ಲ. ಅವು ನಮ್ಮ ಡೇಟಾವನ್ನು ದೂರದ ದೇಶ ಸುತ್ತಿಸಿ ಲೇಟೆನ್ಸಿ ಹೆಚ್ಚಿಸಬಹುದು. ನಾವು ಯಾವ ತಾಣಗಳಿಗೆ ಹೋಗುತ್ತೇವೆಂಬುದು ಅಪರಿಚಿತರಿಗೆ ತಿಳಿಯುತ್ತದೆ. ಅರ್ಜಿ ತುಂಬುವಾಗಲಂತೂ ಬೇಡವೇ ಬೇಡ.

ಕಂಪ್ಯೂಟರ್ ಓದುತ್ತಿರುವವರು ಇದನ್ನು ಇಂದೇ ಪರೀಕ್ಷಿಸಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪಿಂಗ್’ ಕೊಟ್ಟು ಒಂದು ದೊಡ್ಡ ಜಾಲತಾಣ, ಒಂದು ಸಣ್ಣ ಜಾಲತಾಣ ಎಷ್ಟು ಮಿಲಿಸೆಕೆಂಡಿಗೆ ಉತ್ತರಿಸುತ್ತವೆ ನೋಡಿ. ‘ಟ್ರೇಸರ್ಟ್’ ಕೊಟ್ಟರೆ ಡೇಟಾ ಹೋಗುವ ದಾರಿಯ ಸುಳಿವು ಸಿಗುತ್ತದೆ. ಎನ್‌ಜಿನ್‌ಎಕ್ಸ್ ಎಂಬ ಉಚಿತ ತಂತ್ರಾಂಶದಿಂದ ಹಳೆಯ ಲ್ಯಾಪ್‌ಟಾಪನ್ನೇ ಪ್ರಾಕ್ಸಿ ಸರ್ವರ್ ಮಾಡಿ ಕಲಿಯಬಹುದು. ನೆಟ್‌ವರ್ಕ್, ಕ್ಲೌಡ್ ಉದ್ಯೋಗಗಳ ಸಂದರ್ಶನದಲ್ಲಿ ‘ಪುಟ ನಿಧಾನವಾದರೆ ಕಾರಣ ಹೇಗೆ ಪತ್ತೆ ಮಾಡುವಿರಿ’ ಎಂದು ಕೇಳಿದರೆ, ಸ್ವತಃ ಅಳೆದು ನೋಡಿದವರ ಉತ್ತರಕ್ಕೆ ತೂಕ ಹೆಚ್ಚು. ಆ ಅಭ್ಯಾಸಕ್ಕೆ ಬೆಂಗಳೂರಿಗೇ ಹೋಗಬೇಕಿಲ್ಲ.