ಮಂತ್ರಿ ಪದವಿ ಬಿಟ್ಟು ಬಂದ ಯಶೋಧರಮ್ಮ

ಬಟವಾಡೆಯ ದಿನ ಸಂಜೆ, ಒಲೆಯ ಮುಂದೆ ನಿಂತು ಬಾಗಿಲ ಕಡೆ ಕಿವಿ ಕೊಟ್ಟು ಕಾದವರಿಗೆ ನಾನು ಹೆಚ್ಚೇನೂ ಬಿಡಿಸಿ ಹೇಳಬೇಕಾಗಿಲ್ಲ. ಸಾರು ಕುದಿಯುತ್ತಿರುತ್ತದೆ. ಮಕ್ಕಳು ಪುಸ್ತಕ ಹಿಡಿದು ಕೂತಿರುತ್ತವೆ. ಹೊರಗೆ ಕೇಳಿಬರುವ ಹೆಜ್ಜೆ ನೆಟ್ಟಗಿದೆಯೋ, ತೂರಾಡುತ್ತಿದೆಯೋ ಅನ್ನುವುದರ ಮೇಲೆ ಆ ತಿಂಗಳ ಅಕ್ಕಿ, ಹಾಲು, ಸ್ಕೂಲ್ ಫೀಸು ಎಲ್ಲವೂ ನಿಂತಿರುತ್ತದೆ. ನಮ್ಮ ಗೊರಗುಂಟೆಪಾಳ್ಯದ ಸುತ್ತಮುತ್ತ ಇಂಥ ಮನೆಗಳಿಗೇನೂ ಕೊರತೆಯಿಲ್ಲ. ಒಂದು ಕಡೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಕಡೆ ಯಶವಂತಪುರ, ನಡುವೆ ತುಮಕೂರು ರಸ್ತೆ. ದುಡಿದ ದುಡ್ಡು ಮನೆ ಸೇರುವ ಮೊದಲು ದಾರಿಯಲ್ಲಿ ಎಲ್ಲೆಲ್ಲಿ ನಿಂತು ಬರುತ್ತೆ ಅನ್ನೋದು ಹೆಂಗಸರಿಗೆ ಚೆನ್ನಾಗಿ ಗೊತ್ತು.

‘ನಮ್ಮ ಈ ಸಂಕಟಕ್ಕಾಗಿ ಯಾವ ಮಂತ್ರಿ ತಾನೇ ಕುರ್ಚಿ ಬಿಟ್ಟಾರು?’ ಅಂತ ನೀವು ಕೇಳಬಹುದು. ಒಬ್ಬರು ಬಿಟ್ಟಿದ್ದರು ಕಣ್ರೀ. ಅವರೂ ಒಬ್ಬ ಹೆಣ್ಣುಮಗಳೇ, ನಮ್ಮ ಬೆಂಗಳೂರಿನವರೇ. ಹೆಸರು ಯಶೋಧರಮ್ಮ ದಾಸಪ್ಪ.

ಮನೆಯೇ ಹೋರಾಟದ ಅಂಗಳ

ಯಶೋಧರಮ್ಮ ಹುಟ್ಟಿದ್ದು 1905ರ ಮೇ 28ರಂದು. ತಂದೆ ಕೆ. ಎಚ್. ರಾಮಯ್ಯನವರು ಹೆಸರಾಂತ ಸಮಾಜಸೇವಕರು. ಹೆಣ್ಣುಮಕ್ಕಳಿಗೆ ಅಕ್ಷರ ಯಾಕೆ ಅನ್ನುತ್ತಿದ್ದ ಕಾಲದಲ್ಲಿ ಮಗಳನ್ನು ಲಂಡನ್ ಮಿಷನ್ ಶಾಲೆಗೆ ಸೇರಿಸಿದರು. ಆಮೇಲೆ ಅವರು ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲೂ ಓದಿದರು. ಕೈಹಿಡಿದವರು ಎಚ್. ಸಿ. ದಾಸಪ್ಪನವರು. ಮೈಸೂರು ಸಂಸ್ಥಾನದ ಕಾಂಗ್ರೆಸ್ಸಿನ ಹಿರಿಯರು, ಮುಂದೆ ನೆಹರೂ ಸಂಪುಟದಲ್ಲಿ ರೈಲ್ವೆ ಮಂತ್ರಿಗಳಾದವರು.

ಅನುಕೂಲವಾಗಿದ್ದ ಸಂಸಾರ. ಮನೆ, ಮಕ್ಕಳು ಅಂತ ನೆಮ್ಮದಿಯಿಂದ ಇದ್ದುಬಿಡಬಹುದಿತ್ತು. ಆದರೆ 1930ರ ದಶಕದಲ್ಲಿ ಅವರ ಬೆಂಗಳೂರಿನ ಮನೆ ಸ್ವಾತಂತ್ರ್ಯ ಹೋರಾಟಗಾರರು ಗುಟ್ಟಾಗಿ ಸೇರುವ ತಾಣವಾಯಿತು. ಗುಟ್ಟಿನ ಸಭೆ ಅಂದರೆ ಬರೀ ಮಾತುಕತೆಯೇ? ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಊಟಕ್ಕಿಡಬೇಕು, ಪೊಲೀಸರು ಬಂದರೆ ಏನು ಹೇಳಬೇಕೆಂದು ಯೋಚಿಸಿಟ್ಟುಕೊಳ್ಳಬೇಕು. ಅಂಥ ಮನೆಯ ಯಜಮಾನಿಯ ಎದೆ ಎಷ್ಟು ಗಟ್ಟಿಯಿರಬೇಕೆಂದು ಗೃಹಿಣಿಯಾದ ನಿಮಗೆ ಬೇರೆ ಹೇಳಬೇಕೆ?

ಈಚಲು ಮರಕ್ಕೆ ಬಿದ್ದ ಕೊಡಲಿ

1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ದೊಡ್ಡದೊಂದು ಸತ್ಯಾಗ್ರಹ ನಡೆಯಿತು. ಜನ ಕೊಡಲಿ ಹಿಡಿದು ಈಚಲು ಮರ ಕಡಿಯಲು ಹೊರಟರು. ಮರದ ಮೇಲೇನು ಸಿಟ್ಟು ಅಂತೀರಾ? ಈಚಲಿನಿಂದ ಹೆಂಡ, ಹೆಂಡದಿಂದ ಸರ್ಕಾರಕ್ಕೆ ವರಮಾನ. ಬಡವನ ಕೂಲಿ ಹೆಂಡದ ಗಡಿಗೆಯ ಮೂಲಕ ಖಜಾನೆ ಸೇರುತ್ತಿತ್ತು. ಆ ಬೇರಿಗೇ ಕೊಡಲಿ ಹಾಕೋಣವೆಂದರು ಸತ್ಯಾಗ್ರಹಿಗಳು. ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಆ ಹೋರಾಟದಲ್ಲಿ ಯಶೋಧರಮ್ಮನೂ ಇದ್ದರು. ಮುಂದಾಳುಗಳಲ್ಲಿ ಒಬ್ಬರು ಚಿತ್ರದುರ್ಗದ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು. ಈ ಹೆಸರನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

1944ರಲ್ಲಿ ಕಸ್ತೂರಬಾ ಸೆರೆಯಲ್ಲೇ ಕಣ್ಣು ಮುಚ್ಚಿದರಲ್ಲ, ಆ ತಾಯಿಯ ನೆನಪಿಗೆ ದೇಶದ ಜನ ಹಣ ಕೂಡಿಸಿ ಹಳ್ಳಿಯ ಹೆಂಗಸರು, ಮಕ್ಕಳಿಗಾಗಿ ಒಂದು ಟ್ರಸ್ಟ್ ಕಟ್ಟಿದರು. ಅದರ ಆಶ್ರಮ ನಮ್ಮ ಅರಸೀಕೆರೆಯಲ್ಲಿ ನೆಲೆಯೂರಿದ್ದರ ಹಿಂದೆ ಯಶೋಧರಮ್ಮನವರ ದುಡಿಮೆಯಿದೆ. ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಅವರನ್ನು ಗ್ರಾಮಸೇವಿಕೆಯರಾಗಿ ಮತ್ತೆ ಹಳ್ಳಿಗೇ ಕಳಿಸುವುದು ಈ ಟ್ರಸ್ಟಿನ ಕೆಲಸ. ಬಾಣಂತಿಯ ಆರೈಕೆ, ಶಿಶುವಿಹಾರ, ನೂಲುವುದು, ಹೀಗೆ ಮನೆಬಾಗಿಲಿನ ಸೇವೆ.

ಅರವತ್ತೆರಡರ ದಿಟ್ಟತನ

1962ರಲ್ಲಿ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಯಾದಾಗ ಯಶೋಧರಮ್ಮ ಮಂತ್ರಿಯಾದರು. ಆಮೇಲೆ ನಿಜಲಿಂಗಪ್ಪನವರ ಸಂಪುಟದಲ್ಲೂ ಇದ್ದರು. 1964ರಲ್ಲಿ ಪತಿ ತೀರಿಕೊಂಡರು. ಆ ದುಃಖದ ನಡುವೆಯೂ ಸಾರ್ವಜನಿಕ ಕೆಲಸ ಬಿಡಲಿಲ್ಲ.

ಆಗ ರಾಜ್ಯದ ಹಲವು ಕಡೆ ಪಾನನಿರೋಧ ಜಾರಿಯಲ್ಲಿತ್ತು. ಕುಡಿತ ನಿಲ್ಲಿಸಲು ಸರ್ಕಾರ ಪ್ರಯತ್ನಿಸಬೇಕೆಂದು ನಮ್ಮ ಸಂವಿಧಾನದ 47ನೇ ವಿಧಿಯೇ ಹೇಳುತ್ತದೆ. ಆದರೆ 1967ರಲ್ಲಿ ನಿಜಲಿಂಗಪ್ಪನವರ ಸರ್ಕಾರ ಪಾನನಿರೋಧವನ್ನು ತೆಗೆದುಹಾಕಿತು. ಸರ್ಕಾರದ ಕಡೆಯ ಮಾತನ್ನೂ ಕೇಳೋಣ, ನ್ಯಾಯ ಎರಡು ಕಡೆಯದ್ದೂ ತಿಳಿಯಬೇಕು. ಕಾನೂನಿದ್ದರೂ ಕಳ್ಳಭಟ್ಟಿ ನಿಲ್ಲಲಿಲ್ಲ, ಖಜಾನೆಗೆ ಬರಬೇಕಾದ ಹಣ ಕಳ್ಳರ ಪಾಲಾಗುತ್ತಿದೆ, ಶಾಲೆ ರಸ್ತೆಗಳಿಗೆ ದುಡ್ಡು ಬೇಡವೇ ಎಂಬ ವಾದ. ಸುಳ್ಳು ವಾದವೇನಲ್ಲ.

ಆದರೂ ಯಶೋಧರಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. ಒಂದು ಕಾಲಕ್ಕೆ ತುರುವನೂರಿನಲ್ಲಿ ಒಂದೇ ಹೋರಾಟದಲ್ಲಿದ್ದ ಇಬ್ಬರು ಈಗ ಎದುರುಬದುರು. ಪಾನನಿರೋಧದ ಪ್ರಶ್ನೆಯ ಮೇಲೆ ಅವರು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟುಬಿಟ್ಟರು.

ಯೋಚಿಸಿ ನೋಡಿ. ಪಾನನಿರೋಧ ಹೋದಾಗ ಅವರಿಗೆ ಅರವತ್ತೆರಡು ತುಂಬಿತ್ತು. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುವ ವಯಸ್ಸು. ‘ಹೋಗಲಿ ಬಿಡು, ಎಲ್ಲರೂ ಒಪ್ಪಿದ್ದಾರೆ, ನನಗೊಬ್ಬಳಿಗೆ ಏನಂತೆ’ ಅನ್ನಬಹುದಿತ್ತು. ಹಾಗನ್ನಲಿಲ್ಲ. ಅವರು ಪದವಿ ಬಿಟ್ಟದ್ದರಿಂದ ಪಾನನಿರೋಧವೇನೂ ವಾಪಸು ಬರಲಿಲ್ಲ, ನಿಜ. ಹಾಗಾದರೆ ಬಿಟ್ಟು ಏನು ಸಾಧಿಸಿದರು ಅಂತ ಕೇಳುವವರಿದ್ದಾರೆ. ನಾನು ಹೇಳುವುದಿಷ್ಟೇ: ಸಾರ್ವಜನಿಕ ಜೀವನದಲ್ಲಿ ಮರ್ಯಾದೆ ಕುರ್ಚಿಯಿಂದ ಬರುವುದಲ್ಲ, ಆಡಿದ ಮಾತನ್ನು ಉಳಿಸಿಕೊಳ್ಳುವುದರಿಂದ ಬರುತ್ತದೆ. 1972ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು. 1980ರಲ್ಲಿ ಅವರು ತೀರಿಕೊಂಡರು.

ಅದೇ ರಸ್ತೆ, ಅದೇ ಮಾತು

ಕಥೆ ಅಲ್ಲಿಗೆ ಮುಗಿಯಲಿಲ್ಲ. 2007ರ ಜುಲೈಯಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಹೆಂಗಸರು ಉಸಿರು ಬಿಟ್ಟರು. ಆದರೆ ಕುಡಿಯುವವರು ಹೆಚ್ಚು ಬೆಲೆಯ ಬಾಟಲಿಗೆ ತಿರುಗಿಕೊಂಡರು, ಹಳ್ಳಿಯ ಚಿಲ್ಲರೆ ಅಂಗಡಿಗಳಲ್ಲೂ ಕದ್ದುಮುಚ್ಚಿ ಮಾರಾಟ ಶುರುವಾಯಿತು ಎಂಬ ಗೋಳು ಎದ್ದಿತು.

2019ರ ಜನವರಿ 19ರಂದು ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಎಂದು ಬೆಂಗಳೂರಿಗೆ ನಡೆದು ಹೊರಟರು. ಎಲ್ಲಿಂದ ಅಂತೀರಿ? ಅದೇ ಚಿತ್ರದುರ್ಗದಿಂದ! ರಾಯಚೂರಿನ ಕಡೆಯ ಕೂಲಿ ಹೆಣ್ಣುಮಕ್ಕಳೂ, ವಯಸ್ಸಾದ ಅಜ್ಜಿಯರೂ ಅದರಲ್ಲಿದ್ದರು. ದಾರಿಯಲ್ಲಿ ಒಬ್ಬಾಕೆ ಅಪಘಾತಕ್ಕೆ ಸಿಕ್ಕಿ ಪ್ರಾಣ ಬಿಟ್ಟರು. ಉಳಿದವರು ಹಿಂದಿರುಗಲಿಲ್ಲ. ಗಾಂಧೀಜಿ ಹುತಾತ್ಮರಾದ ಜನವರಿ 30ಕ್ಕೆ ರಾಜಧಾನಿ ಸೇರಿದರು. ತುಮಕೂರು, ನೆಲಮಂಗಲ ದಾಟಿ ಬರುವ ಆ ಹೆದ್ದಾರಿ ನಮ್ಮ ಗೊರಗುಂಟೆಪಾಳ್ಯವನ್ನು ಹಾದೇ ಊರೊಳಗೆ ಹೋಗುವುದು. ಈಗ ಮೇಲೆ ಮೆಟ್ರೋ ಓಡುತ್ತದೆ, ಕೆಳಗೆ ಲಾರಿ ಬಸ್ಸುಗಳ ಗದ್ದಲ. ರಸ್ತೆ ದಾಟುವಾಗಲೆಲ್ಲ ನನಗೆ ಆ ಬರಿಗಾಲುಗಳೂ, ಪದವಿ ಬಿಟ್ಟು ಮನೆಗೆ ಬಂದ ಯಶೋಧರಮ್ಮನೂ ಒಟ್ಟಿಗೆ ನೆನಪಾಗುತ್ತಾರೆ.

ನಾವೇನು ಮಾಡಬಹುದು ಸೋದರಿಯರೇ? ನಮ್ಮ ಕೈಯಲ್ಲಿ ಬಿಡಲು ಮಂತ್ರಿ ಪದವಿಯಿಲ್ಲ. ಆದರೆ ಇಂದು ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರದ್ದು. ಗ್ರಾಮಸಭೆಗೆ ಹೋಗಿ ಎದ್ದುನಿಂತು, ‘ನಮ್ಮ ಬೀದಿಯಲ್ಲಿ ಕದ್ದು ಮಾರುವ ಅಂಗಡಿ ಬೇಡ’ ಎನ್ನುವ ಹಕ್ಕು ನಮಗಿದೆ. ಒಬ್ಬರೇ ಹೋಗಲು ಅಳುಕಾದರೆ ಅಕ್ಕಪಕ್ಕದ ನಾಲ್ವರನ್ನು ಕರೆದುಕೊಂಡು ಹೋಗಿ. ಬರುವಾಗ ಹೇಗೂ ಜೊತೆಯಲ್ಲೇ ಬರುತ್ತೀರಿ.

ಇವತ್ತು ರಾತ್ರಿ ಮಕ್ಕಳಿಗೋ ಮೊಮ್ಮಕ್ಕಳಿಗೋ ರಾಜರಾಣಿಯರ ಕಥೆ ಬೇಡ. ಮಾತಿಗಾಗಿ ಕುರ್ಚಿ ಬಿಟ್ಟ ಈ ಹಿರಿಯಮ್ಮನ ಕಥೆ ಹೇಳಿ. ಹೆಸರನ್ನು ಮರೆಯದೆ ಹೇಳಿ: ಯಶೋಧರಮ್ಮ ದಾಸಪ್ಪ.