ಅವ್ರಹಾಂ, ಇಬ್ರಾಹೀಂ, ಮಲ್ಕಿಭರಾಮ: ಒಂದೇ ಹೆಸರಿನ ಹಲವು ರೂಪ

ಇಬ್ರಾಹೀಂ ಅಂತ ಒಬ್ಬರೂ ಇಲ್ಲದ ಜಮಾಅತ್ ನಮ್ಮಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ನಮಾಝಿನ ಕೊನೆಯ ಅತ್ತಹಿಯ್ಯಾತ್‌ನಲ್ಲಿ ಸ್ವಲಾತ್ ಹೇಳುವಾಗಲೂ ಈ ಹೆಸರು ನಾಲಿಗೆಗೆ ಬರುತ್ತದೆ. ಪವಿತ್ರ ಕುರ್‌ಆನಿನ 14ನೇ ಅಧ್ಯಾಯದ ಹೆಸರೂ ಇದೇ.

ಹೀಬ್ರೂ ಭಾಷೆಯಲ್ಲಿ ಇದು ‘ಅವ್ರಹಾಂ’. ಬೈಬಲಿನ ಆದಿಕಾಂಡದ ಪ್ರಕಾರ ಮೊದಲಿದ್ದ ಹೆಸರು ‘ಅವ್ರಾಂ’, ಅಂದರೆ ಉನ್ನತ ತಂದೆ. ಬಳಿಕ ಅದು ‘ಅವ್ರಹಾಂ’ ಆಯಿತು. ಅನೇಕ ಜನಾಂಗಗಳ ತಂದೆ ಎಂಬ ಅರ್ಥವನ್ನು ಅಲ್ಲೇ ಹೇಳಲಾಗಿದೆ. ಅರಬಿಯಲ್ಲಿ ಇಬ್ರಾಹೀಂ, ಕ್ರೈಸ್ತರಲ್ಲಿ ಅಬ್ರಹಾಂ.

ನಮ್ಮ ಮಂಗಳೂರಿಗೂ ಈ ಹೆಸರಿನವರೊಬ್ಬರು ಬಂದಿದ್ದರು. ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಇಲ್ಲಿದ್ದು, ಕರಿಮೆಣಸು, ಕಬ್ಬಿಣದ ವ್ಯಾಪಾರ ಮಾಡುತ್ತಿದ್ದರು. 1149ರಲ್ಲಿ ಹಿಂದಿರುಗಿದರು. ಅರಬಿ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆದ ಅವರ ಪತ್ರಗಳು ಕೈರೋದ ಯಹೂದಿ ಮಂದಿರವೊಂದರಲ್ಲಿ ಉಳಿದುಕೊಂಡಿದ್ದವು. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಇವರ ಕತೆ ಹೇಳಿದ್ದಾರೆ.

ಘಟ್ಟ ಹತ್ತಿ ಹೊಸಪೇಟೆ ಕಡೆ ಹೋದರೆ, ಹಂಪಿಯಲ್ಲಿ ಇದೇ ಹೆಸರಿನ ಇನ್ನೊಂದು ಕತೆ ಸಿಗುತ್ತದೆ. 1543ರಲ್ಲಿ ಗೋಲ್ಕೊಂಡದ ಸುಲ್ತಾನ್ ಕುಲಿಯ ಕೊಲೆಯಾಗಿ ಮಗ ಜಮ್ಶೀದ್ ಪಟ್ಟಕ್ಕೆ ಬಂದಾಗ, ತಮ್ಮ ಇಬ್ರಾಹೀಂ ಪ್ರಾಣ ಉಳಿಸಿಕೊಳ್ಳಲು ಓಡಿ ಬಂದದ್ದು ವಿಜಯನಗರಕ್ಕೆ. ಅಳಿಯ ರಾಮರಾಯ ಆಶ್ರಯ ಕೊಟ್ಟ. ಏಳು ವರ್ಷ ಅಲ್ಲೇ ಇದ್ದು, 1550ರಲ್ಲಿ ಗೋಲ್ಕೊಂಡಕ್ಕೆ ಮರಳಿ ಸುಲ್ತಾನನಾದ. ತೆಲುಗು ಕವಿಗಳಿಗೆ ಆಸರೆಯಾದ ಇವನನ್ನು ಅವರು ಪ್ರೀತಿಯಿಂದ ‘ಮಲ್ಕಿಭರಾಮ’ ಅಂತ ಕರೆದರು. ಆದರೆ 1565ರ ತಾಳಿಕೋಟೆ ಯುದ್ಧದಲ್ಲಿ ರಾಮರಾಯನ ವಿರುದ್ಧ ನಿಂತ ಸುಲ್ತಾನರಲ್ಲಿ ಇದೇ ಇಬ್ರಾಹೀಂ ಕೂಡ ಒಬ್ಬ! ರಾಮರಾಯನ ತಲೆ ಉರುಳಿತು, ಹಂಪಿ ಹಾಳಾಯಿತು. ಒಳ್ಳೆಯ ಹೆಸರು ಇಟ್ಟರಷ್ಟೇ ಸಾಲದು, ಉಂಡ ಉಪ್ಪಿನ ನೆನಪೂ ಬೇಕು ಅಂತ ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಭಾಷೆ ಬದಲಾದಾಗ ಹೆಸರಿನ ರೂಪ ಬದಲಾದದ್ದು ಆ ಕಾಲಕ್ಕೆ ಯಾರಿಗೂ ತೊಂದರೆ ಕೊಡಲಿಲ್ಲ. ಈಗ ಹಾಗಲ್ಲ. ಇಂಗ್ಲಿಷಿನಲ್ಲಿ ಒಬ್ಬರು ‘ಐ’ಯಿಂದ ಶುರು ಮಾಡಿದರೆ, ಇನ್ನೊಬ್ಬರು ‘ಇ’ಯಿಂದ ಶುರು ಮಾಡ್ತಾರೆ. ಆಧಾರ್‌ನಲ್ಲಿ ಒಂದು, ಮಾರ್ಕ್ಸ್‌ಕಾರ್ಡ್‌ನಲ್ಲಿ ಇನ್ನೊಂದು ಆದರೆ ಪಾಸ್‌ಪೋರ್ಟ್, ವೀಸಾ ಹೊತ್ತಿಗೆ ಅಲೆದಾಟ ತಪ್ಪದು. ಆದ್ದರಿಂದ ಮಗುವಿನ ಜನನ ಪ್ರಮಾಣಪತ್ರದಲ್ಲೇ ಸ್ಪೆಲ್ಲಿಂಗ್ ಗಟ್ಟಿ ಮಾಡಿಕೊಳ್ಳಿ. ಹೆಸರಿಲ್ಲದೆ ನೋಂದಣಿಯಾಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ಶುಲ್ಕ ಕೊಟ್ಟು ಸೇರಿಸಲು ಅವಕಾಶವಿದೆ. ಮನೆಯಲ್ಲಿ ಹೇಗೆ ಬೇಕಾದರೂ ಕರೆಯಿರಿ, ಕಾಗದದಲ್ಲಿ ಮಾತ್ರ ಒಂದೇ ರೂಪ ಇರಲಿ.