ಹೊಳೆಯಾಚೆಯ ಕುರವಪುರ

ದಾಮರಗಿದ್ದದಿಂದ ನಾರಾಯಣಪೇಟೆ, ಮಕ್ತಲಗಳನ್ನು ದಾಟಿ ತೆಂಕಣಕ್ಕೆ ಸಾಗಿದರೆ ಪಂಚದೇವ ಪಹಾಡದ ಬಳಿ ಕೃಷ್ಣೆ ಎದುರಾಗುತ್ತಾಳೆ. ನಡುನೀರಿನಲ್ಲಿದೆ ರಾಯಚೂರು ಸೀಮೆಯ ಕುರವಪುರ, ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ಹರಿಗೋಲಿನ ಪ್ರಯಾಣವೆಂದೊಡನೆ ನಮ್ಮ ಮನೆಗಳ ಹಿರಿಯರು ‘ಬ್ಯಾಡಪ್ಪ’ ಎನ್ನುವುದುಂಟು. ಬೇಸಿಗೆಯಲ್ಲಿ ಆ ಅಂಜಿಕೆ ತುಸು ಹೆಚ್ಚಿನದೇ ಸರಿ; ಮಳೆಗಾಲದಲ್ಲಿ ಹಾಗಲ್ಲ. ಇಲ್ಲಿ ಹನಿ ಬೀಳದಿದ್ದರೂ, ಮೇಲಣ ನಾರಾಯಣಪುರ ಜಲಾಶಯದ ಬಾಗಿಲುಗಳನ್ನು ತೆರೆದರೆ ಹೊಳೆ ಉಬ್ಬುತ್ತದೆ. 2020ರ ಆಗಸ್ಟಿನಲ್ಲಿ ಇದೇ ದಂಡೆಯಿಂದ ಸಾಮಾನು ಕೊಂಡು ನೆರೆಯ ಕುರ್ವಕಲಾ ನಡುಗಡ್ಡೆಗೆ ಮರಳುತ್ತಿದ್ದವರ ಹರಿಗೋಲು ಮಗುಚಿ ನಾಲ್ವರು ಕೊಚ್ಚಿಹೋದರು. ಅವರು ಯಾತ್ರಿಕರಲ್ಲ, ಮನೆಗೆ ಹೋಗಲು ಅವರಿಗಿದ್ದ ದಾರಿಯೇ ಅದು. ಯಾತ್ರಿಕನಿಗಾದರೋ ದಿನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವುಂಟು. ಅಂಬಿಗನು ಬೇಡವೆಂದ ದಿನ ದಂಡೆಯಿಂದಲೇ ಕೈಮುಗಿದು ಹಿಂದಿರುಗಬೇಕು.